ಬೀಸುವ ಕಲ್ಲು ಮತ್ತು ತ್ರಿಪದಿ: ದುಡಿಮೆಯ ಹಾಡಿನ ಚರಿತ್ರೆಗೆ ಕೆಲವು ಟಿಪ್ಪಣಿಗಳು

ಕನ್ನಡ ಸಾಹಿತ್ಯ ಚರಿತ್ರೆಗಳಲ್ಲಿ ತ್ರಿಪದಿಗೆ ಸಲ್ಲಬೇಕಾದ ಗೌರವ ಸಂದಿದೆ. ಅಚ್ಚಗನ್ನಡದ ಈ ಛಂದಸ್ಸಿನ ಪ್ರಾಚೀನತೆ, ಅಂಶಗಣಗಳ ವ್ಯವಸ್ಥೆ, ಸರ್ವಜ್ಞನ ಕೈಯಲ್ಲಿ ಅದು ಪಡೆದ ಚುರುಕು ಇವೆಲ್ಲ ವಿಸ್ತಾರವಾಗಿ ಚರ್ಚೆಗೊಂಡಿವೆ. ಆದರೆ ಈ ಛಂದಸ್ಸನ್ನು ದಿನನಿತ್ಯ ಬಳಸಿದವರು, ಬಹುಶಃ ಅತಿ ಹೆಚ್ಚು ಕಾಲ ಬಳಸಿದವರು, ಕೈಯಲ್ಲಿ ಕಂಠಪತ್ರ ಹಿಡಿದವರಲ್ಲ. ಬೀಸುವ ಕಲ್ಲಿನ ಗೂಟ ಹಿಡಿದವರು. ನಸುಕಿನಲ್ಲಿ ಎದ್ದು ಅಂದಿನ ರೊಟ್ಟಿಗೋ ಮುದ್ದೆಗೋ ಬೇಕಾದ ಹಿಟ್ಟನ್ನು ಬೀಸುತ್ತ ಹೆಂಗಸರು ಹಾಡಿಕೊಂಡ ಪದಗಳು ಕಾವ್ಯವೆಂದು ವಿದ್ವತ್ ವಲಯದಲ್ಲಿ ಎಣಿಕೆಯಾದದ್ದು ಇಪ್ಪತ್ತನೆಯ ಶತಮಾನದ ಮೂರನೆಯ, ನಾಲ್ಕನೆಯ ದಶಕಗಳಲ್ಲಿ. ಅದೇ ಕಾಲಕ್ಕೆ ಬೀಸುವ ಕಲ್ಲಿನ ಬದುಕೂ ಕೊನೆಯ ಹಂತವನ್ನು ಮುಟ್ಟತೊಡಗಿತ್ತು. ಈ ಎರಡು ಸಂಗತಿಗಳ ನಡುವಣ ಸಂಬಂಧ, ಅದಕ್ಕೂ ಹಿಂದಿನ ಎಂಟು ಶತಮಾನಗಳ ವಿರಳ ಉಲ್ಲೇಖಗಳು, ಹಾಡನ್ನು ಕಲ್ಲಿನಿಂದ ಬೇರ್ಪಡಿಸಿದಾಗ ಉಳಿದದ್ದೇನು ಮತ್ತು ಹೋದದ್ದೇನು ಎಂಬ ಪ್ರಶ್ನೆ ಪ್ರಸ್ತುತ ಲೇಖನದ ವಿಷಯ.

ಮೊದಲು ಕೆಲಸದ ಸ್ವರೂಪವನ್ನು ನೋಡಬೇಕು. ಹಾಡಿನ ಬಗ್ಗೆ ಬರೆದವರು ಕಲ್ಲಿನ ಬಗ್ಗೆ ಬರೆದದ್ದು ಕಡಿಮೆ. ಬೀಸುವ ಕಲ್ಲು ಎರಡು ದುಂಡನೆಯ ಹಾಸುಗಳ ಜೋಡಿ. ಕೆಳಗಿನದು ಅಲುಗದೆ ಕೂತಿರುತ್ತದೆ. ಅದರ ನಡುವೆ ನೆಟ್ಟ ಮೊಳೆಯ ಸುತ್ತ ಮೇಲಿನದು ತಿರುಗುತ್ತದೆ. ಮೇಲಿನ ಕಲ್ಲಿನ ನಡುವಣ ಬಾಯಿಗೆ ಹಿಡಿಹಿಡಿಯಾಗಿ ಕಾಳು ಹಾಕಬೇಕು. ಅಂಚಿನ ಹತ್ತಿರ ಜಡಿದ ಮರದ ಗೂಟವನ್ನು ಹಿಡಿದು ತಿರುಗಿಸಬೇಕು. ಒಬ್ಬಳೇ ಬೀಸುವುದು ಸಾಧ್ಯ. ಆದರೆ ಕಲ್ಲು ದೊಡ್ಡದಾದರೆ ಅಥವಾ ಮನೆ ತುಂಬಿದ ಸಂಸಾರವಾದರೆ ಇಬ್ಬರು ಎದುರುಬದುರು ಕೂತು ಒಂದೇ ಗೂಟಕ್ಕೆ ಕೈ ಹಾಕುತ್ತಾರೆ. ಒಬ್ಬಳು ತನ್ನತ್ತ ಸೆಳೆದಾಗ ಮತ್ತೊಬ್ಬಳು ಬಿಟ್ಟುಕೊಡಬೇಕು. ಇವಳ ತೋಳು ಮಡಿಚುವಾಗ ಅವಳ ತೋಳು ಚಾಚಬೇಕು. ಈ ಹೊಂದಾಣಿಕೆ ತಪ್ಪಿದರೆ ಕಲ್ಲು ತಡವರಿಸುತ್ತದೆ, ಹಿಟ್ಟು ತರಿತರಿಯಾಗುತ್ತದೆ. ಬಳಸಿ ಬಳಸಿ ಕಲ್ಲಿನ ಮೈ ನುಣುಪಾದಾಗ ಉಳಿಯಿಂದ ಗೀರು ಹೊಡೆಸಿ ಮತ್ತೆ ಒರಟು ಮಾಡಿಸಬೇಕು. ಜೋಳದ ಹಿಟ್ಟು, ಸಜ್ಜೆಯ ಹಿಟ್ಟು ಬಹುಕಾಲ ಇಟ್ಟರೆ ಕಹಿಯಾಗುವುದರಿಂದ ಒಮ್ಮೆಗೇ ತಿಂಗಳಿಗಾಗುವಷ್ಟು ಬೀಸಿಡುವ ಹಾಗೂ ಇರಲಿಲ್ಲ. ಹೊಲದ ಕೆಲಸ, ನೀರು, ಸಗಣಿ, ಅಡುಗೆ, ಮಕ್ಕಳು ಇವೆಲ್ಲ ಹಗಲನ್ನು ನುಂಗುತ್ತಿದ್ದುದರಿಂದ ಬೀಸುವುದಕ್ಕೆ ಉಳಿದದ್ದು ಕೋಳಿ ಕೂಗುವ ಮುನ್ನಿನ ಹೊತ್ತು. ಮನೆಯ ಉಳಿದವರು ಮಲಗಿರುವಾಗ ಹೆಂಗಸರಷ್ಟೇ ಎಚ್ಚರವಾಗಿರುವ ಹೊತ್ತು ಅದು. ಹಾಡಿನ ಒಳಹೊಕ್ಕು ನೋಡುವವರು ಈ ಹೊತ್ತನ್ನು ಮರೆಯಲಾಗದು. ಅತ್ತೆಯ ಬಗ್ಗೆ, ಗಂಡನ ಬಗ್ಗೆ, ತವರಿಗೆ ಕರೆಯಲು ಬಾರದ ಅಣ್ಣನ ಬಗ್ಗೆ ಹಗಲು ಬಾಯಿಬಿಟ್ಟು ಹೇಳಲಾಗದ ಮಾತನ್ನು ಕಲ್ಲಿನ ಸದ್ದಿನ ಮರೆಯಲ್ಲಿ ಹೇಳಬಹುದಿತ್ತು.

ಕಲ್ಲಿನ ತಿರುಗಾಟಕ್ಕೂ ತ್ರಿಪದಿಯ ನಡಿಗೆಗೂ ಇರುವ ನಂಟನ್ನು ಛಂದಸ್ಸಿನ ಭಾಷೆಯಲ್ಲಿಯೇ ಹೇಳಬಹುದು. ತ್ರಿಪದಿಗೆ ಒಟ್ಟು ಹನ್ನೊಂದು ಗಣ: ಮೊದಲ ಎರಡು ಪಾದಗಳಲ್ಲಿ ನಾಲ್ಕು ನಾಲ್ಕು, ಮೂರನೆಯದರಲ್ಲಿ ಮೂರು. ಆರನೆಯ ಮತ್ತು ಹತ್ತನೆಯ ಸ್ಥಾನಗಳಲ್ಲಿ ಮಾತ್ರ ಚಿಕ್ಕದಾದ ಬ್ರಹ್ಮಗಣ; ಉಳಿದೆಲ್ಲ ಕಡೆ ವಿಷ್ಣುಗಣ. ಹೀಗೆ ಮೊದಲ ಪಾದ ತಡೆಯಿಲ್ಲದೆ ಹರಿಯುತ್ತದೆ, ಎರಡನೆಯದರ ಒಳಗೆ ಒಂದು ಕುಗ್ಗು ಬರುತ್ತದೆ, ಮೂರನೆಯದು ಗಿಡ್ಡವಾಗಿ ಒಂದು ಕುಗ್ಗಿನೊಂದಿಗೆ ನಿಲ್ಲುತ್ತದೆ. ಹಾಡುವಾಗ ಎರಡನೆಯ ಪಾದವನ್ನು ಮರಳಿ ಹಿಡಿದು ಮೂರನೆಯದಕ್ಕೆ ಸೇರಿಸುವ ರೂಢಿಯಿದೆ. ಹೀಗಾಗಿ ಹಾಳೆಯ ಮೇಲೆ ಮೂರು ಸಾಲಾಗಿ ಕಾಣುವುದು ಬಾಯಲ್ಲಿ ನಾಲ್ಕಾಗುತ್ತದೆ. ಈ ಪುನರಾವೃತ್ತಿ ಕೇವಲ ರಾಗದ ಅನುಕೂಲವಲ್ಲ. ಇಬ್ಬರು ಬೀಸುವಾಗ ಒಬ್ಬಳು ಎತ್ತಿದ ಪಾದವನ್ನು ಮತ್ತೊಬ್ಬಳು ಮರಳಿಸುವಷ್ಟರಲ್ಲಿ ಮೊದಲಿನವಳಿಗೆ ಕೊನೆಯ ಪಾದವನ್ನು ನೆನೆಯಲು, ಇಲ್ಲವೇ ಹೊಸತಾಗಿ ಕಟ್ಟಲು, ಬಿಡುವು ಸಿಗುತ್ತದೆ. ಕಾಳಿನ ಹಿಡಿ ತುಂಬಿಕೊಳ್ಳುವುದಕ್ಕೂ ಉಸಿರು ತೆಗೆದುಕೊಳ್ಳುವುದಕ್ಕೂ ಇದೇ ಬಿಡುವು. ಅಂಶಗಣದ ಗುಣವೂ ಇಲ್ಲಿ ನೆರವಿಗೆ ಬರುತ್ತದೆ. ಮಾತ್ರೆಗಳನ್ನು ಎಣಿಸಿ ಬಿಗಿದ ಪದ್ಯವು ಕೈಯ ವೇಗ ಬದಲಾದಾಗ ಮುಗ್ಗರಿಸುತ್ತದೆ; ಅಂಶದ ಪದ್ಯವನ್ನು ಎಳೆಯಬಹುದು, ಕುಗ್ಗಿಸಬಹುದು. ಕಲ್ಲು ಭಾರವಾಗಿ ತಿರುಗುವ ಆರಂಭದಲ್ಲೂ ಹಗುರವಾಗಿ ಓಡುವ ನಡುವಿನಲ್ಲೂ ಅದೇ ಪದ ಹೊಂದುತ್ತದೆ. ಡಿ. ಎಸ್. ಕರ್ಕಿ, ಟಿ. ವಿ. ವೆಂಕಟಾಚಲ ಶಾಸ್ತ್ರೀ ಮೊದಲಾದ ವಿದ್ವಾಂಸರು ಅಂಶಛಂದಸ್ಸಿನ ಗೇಯತೆಯನ್ನು ಶಾಸ್ತ್ರೀಯವಾಗಿ ವಿವೇಚಿಸಿದ್ದಾರೆ. ಆ ಗೇಯತೆಯ ಒಂದು ನೆಲೆ ಒಳಮನೆಯ ಮೂಲೆಯಲ್ಲಿಯೂ ಇತ್ತೆಂಬುದನ್ನು ಅದರ ಜೊತೆಗಿಟ್ಟು ನೋಡಬೇಕು.

ಇಷ್ಟರಿಂದ ತ್ರಿಪದಿ ಹುಟ್ಟಿದ್ದೇ ಬೀಸುವ ಕಲ್ಲಿನಿಂದ ಎಂದು ಹೇಳಿಬಿಡುವ ಉತ್ಸಾಹ ಸಲ್ಲದು. ಜರ್ಮನಿಯ ಅರ್ಥಶಾಸ್ತ್ರಜ್ಞ ಕಾರ್ಲ್ ಬ್ಯೂಖರ್ 1896ರಲ್ಲಿ ದುಡಿಮೆ ಮತ್ತು ಲಯದ ಸಂಬಂಧವನ್ನು ಕುರಿತು ಪ್ರಕಟಿಸಿದ ಗ್ರಂಥದಲ್ಲಿ ಕಾವ್ಯ ಸಂಗೀತಗಳ ಮೂಲವನ್ನೇ ಕೂಡಿ ದುಡಿಯುವ ಮೈಗಳ ಲಯದಲ್ಲಿ ಕಂಡನು. ವಾದ ಆಕರ್ಷಕವಾದರೂ ಎಲ್ಲ ಕಡೆ ಒಪ್ಪುವಂಥದಲ್ಲ. ಕನ್ನಡದಲ್ಲಿ ತ್ರಿಪದಿಯ ಅತಿ ಹಳೆಯ ಲಿಖಿತ ಮಾದರಿ ಸಿಗುವುದು ಬಾದಾಮಿಯ ಬಂಡೆಯ ಮೇಲೆ, ಸುಮಾರು ಕ್ರಿ. ಶ. 700ರ ಕಪ್ಪೆ ಅರಭಟ್ಟನ ಶಾಸನದಲ್ಲಿ. ಅದು ಒಬ್ಬ ವೀರನ ಸ್ವಭಾವವನ್ನು ಹೊಗಳುವ ಶಾಸನ. ಅಲ್ಲಿ ಬೀಸುವುದಾಗಲಿ ಕುಟ್ಟುವುದಾಗಲಿ ಇಲ್ಲ. ಹತ್ತನೆಯ ಶತಮಾನದ ಕೊನೆಯ ನಾಗವರ್ಮನು ತನ್ನ ಛಂದೋಂಬುಧಿಯಲ್ಲಿ ಕರ್ಣಾಟಕವಿಷಯಜಾತಿಗಳ ಸಾಲಿನಲ್ಲಿ ತ್ರಿಪದಿಗೆ ಲಕ್ಷಣ ಹೇಳಿದ್ದಾನೆ. ಸಂಸ್ಕೃತದಲ್ಲಿ ಬರೆದ ಜಯಕೀರ್ತಿಯೂ ಕನ್ನಡದ ಈ ಮಟ್ಟುಗಳಿಗೆ ತನ್ನ ಛಂದೋನುಶಾಸನದಲ್ಲಿ ಎಡೆಗೊಟ್ಟಿದ್ದಾನೆ. ಇವೆಲ್ಲ ಸೇರಿ ಹೇಳುವುದು ಇಷ್ಟು: ಆ ವೇಳೆಗೆ ತ್ರಿಪದಿ ಶಾಸನ ಬರೆಯುವವನಿಗೂ ಲಾಕ್ಷಣಿಕನಿಗೂ ಗೊತ್ತಿದ್ದ, ನಾಡಿನಲ್ಲಿ ನೆಲೆಗೊಂಡಿದ್ದ ಮಟ್ಟು. ಅದನ್ನು ಯಾರು ಯಾವಾಗ ಹಾಡುತ್ತಿದ್ದರೆಂಬ ಪ್ರಶ್ನೆಗೆ ಉತ್ತರ ಬೇರೆ ಕಡೆ ಹುಡುಕಬೇಕು. ಕವಿರಾಜಮಾರ್ಗವು ಓದಿಲ್ಲದ ಜನರೂ ಕಾವ್ಯಪ್ರಯೋಗದಲ್ಲಿ ಪಳಗಿದವರೆಂದು ನಾಡವರನ್ನು ಹೊಗಳಿದ ಪ್ರಸಿದ್ಧ ಪದ್ಯವನ್ನು ಇಂಥ ಸಂದರ್ಭದಲ್ಲಿ ಉದ್ಧರಿಸುವುದು ವಾಡಿಕೆಯಾಗಿಬಿಟ್ಟಿದೆ. ಆದರೆ ಒಂಬತ್ತನೆಯ ಶತಮಾನದ ಆ ಸಾಮಾನ್ಯ ಪ್ರಶಂಸೆಯಿಂದ ಯಾವ ಕೆಲಸಕ್ಕೆ ಯಾವ ಹಾಡು ಎಂಬುದು ತಿಳಿಯುವುದಿಲ್ಲ.

ಕೆಲಸ, ಹಾಡು ಮತ್ತು ಹೆಂಗಸು ಈ ಮೂರನ್ನೂ ಒಟ್ಟಿಗೆ ಹೆಸರಿಸುವ ಮಹತ್ವದ ಉಲ್ಲೇಖ ಕಲ್ಯಾಣದ ಚಾಲುಕ್ಯ ಅರಸು ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿದೆ. ಸುಮಾರು 1130ರ ಈ ಸಂಸ್ಕೃತ ಗ್ರಂಥ ಅಡುಗೆಯಿಂದ ಆನೆ ಪಳಗಿಸುವವರೆಗೆ ಅರಸನ ಬದುಕಿನ ಎಲ್ಲ ವಿನೋದಗಳನ್ನೂ ವಿವರಿಸುತ್ತದೆ. ಅದರ ಗೀತವಿನೋದದ ಭಾಗದಲ್ಲಿ ಯಾವ ಬಂಧ ಯಾವ ಸಂದರ್ಭಕ್ಕೆ ಸಲ್ಲುತ್ತದೆಂದು ಹೇಳುವಾಗ, ಮಹಾರಾಷ್ಟ್ರದ ಹೆಂಗಸರು ಧಾನ್ಯ ಕುಟ್ಟುವಾಗ ಓವಿಯನ್ನು ಹಾಡುವರೆಂಬ ಮಾತು ಬರುತ್ತದೆ. ಕನ್ನಡ ನೆಲದ ರಾಜಧಾನಿಯಲ್ಲಿ ಕುಳಿತು ಬರೆದ ಅರಸನೊಬ್ಬ ನೆರೆಯ ಭಾಷೆಯ ಹೆಂಗಸರ ಒನಕೆಯ ಹಾಡನ್ನು ಗುರುತಿಸಿದ್ದು ಸಣ್ಣ ಸಂಗತಿಯಲ್ಲ. ಓವಿಯೂ ಕನ್ನಡದ ತ್ರಿಪದಿಯೂ ಒಂದೇ ಬಗೆಯ ಮನೆಗೆಲಸದ ಆಸರೆಯಲ್ಲಿ ಬೆಳೆದ ಮಟ್ಟುಗಳು. ಎರಡು ಭಾಷೆಗಳು ಬೆರೆಯುವ ವಿಜಯಪುರ, ಕಲಬುರಗಿ, ಸೊಲ್ಲಾಪುರಗಳ ಸೀಮೆಯಲ್ಲಿ ಇವು ಒಂದರ ಪಕ್ಕ ಒಂದು ಬಾಳಿವೆ. ಆದರೆ ಸೋಮೇಶ್ವರನಿಗೆ ಅದು ಗೀತವಿನೋದದ ಒಂದು ಪ್ರಕಾರ ಮಾತ್ರ. ಕುಟ್ಟುವವಳಿಗೆ ಅದು ವಿನೋದವೇ ಎಂಬ ಪ್ರಶ್ನೆ ಆ ಗ್ರಂಥದ ಪರಿಧಿಯಲ್ಲಿ ಬರುವಂಥದಲ್ಲ.

ಆ ಪ್ರಶ್ನೆಗೆ ಒಂದು ಬಗೆಯ ಉತ್ತರ ಅದೇ ಊರಿನಿಂದ, ಒಂದೇ ತಲೆಮಾರಿನ ಅಂತರದಲ್ಲಿ ಬಂದಿತು. ಹನ್ನೆರಡನೆಯ ಶತಮಾನದ ನಡುವೆ ಕಲ್ಯಾಣವನ್ನು ಕೇಂದ್ರವಾಗಿಸಿಕೊಂಡ ಶರಣರ ಸಮುದಾಯದಲ್ಲಿ ಭತ್ತ ಕುಟ್ಟುವ ಕಾಯಕದವಳು ಕೊಟ್ಟಣದ ಸೋಮವ್ವ, ನೂಲುವ ಕಾಯಕದವರು ಕದಿರ ರೆಮ್ಮವ್ವೆ, ಕದಿರಕಾಯಕದ ಕಾಳವ್ವೆ. ಇವರ ಹೆಸರಿನಲ್ಲಿ ವಚನಗಳಿವೆ. ಸೋಮವ್ವನದು ದೊರೆತಿರುವುದು ಒಂದೇ ಒಂದು. ರೆಮ್ಮವ್ವೆಯ ವಚನವೊಂದರಲ್ಲಿ ತಾನು ತಿರುಗಿಸುವ ರಾಟೆಯ ಒಂದೊಂದು ಅಂಗಕ್ಕೂ ಒಬ್ಬೊಬ್ಬ ದೇವತೆಯನ್ನು ಕೂರಿಸಿ, ಆ ರಾಟೆಗೂ ಕುಲಜಾತಿಗಳನ್ನು ಆರೋಪಿಸಿ ನಗುವ ಧಾಟಿಯಿದೆ. ಉಪಕರಣವನ್ನು ಅಷ್ಟು ಹತ್ತಿರದಿಂದ ಬಲ್ಲವಳಲ್ಲದೆ ಬೇರೆಯವರು ಅಂಥ ರೂಪಕವನ್ನು ಕಟ್ಟಲಾರರು. ವಚನಗಳು ಹಾಡಿನ ಮಟ್ಟಿನವಲ್ಲ ನಿಜ. ಹಸ್ತಪ್ರತಿಗಳು ನಂತರದ ಶತಮಾನಗಳವೆಂಬ ಎಚ್ಚರವೂ ಇರಬೇಕು. ಆದರೂ ಅರಮನೆಯ ಗ್ರಂಥ ಹೆಸರಿಲ್ಲದ ‘ಹೆಂಗಸರು’ ಎಂದು ಕರೆದವರ ವರ್ಗದಲ್ಲಿ ಕೆಲವರು ತಮ್ಮ ದುಡಿಮೆಯನ್ನೇ ಹೆಸರಿನ ಭಾಗವಾಗಿ ಧರಿಸಿ ಮಾತನಾಡಿದರು ಎಂಬುದು ದುಡಿಮೆಯ ಕಲೆಯ ಚರಿತ್ರೆಯಲ್ಲಿ ಒಂದು ತಿರುವು. ಕಾಯಕದ ಹೆಸರು ಕರ್ತೃವಿನ ಹೆಸರಾದ ಇಂಥ ನಿದರ್ಶನ ಮುಂದೆ ಬಹುಕಾಲ ಕಾಣಸಿಗುವುದಿಲ್ಲ. ಬೀಸುವ ಕಲ್ಲಿನ ಮುಂದೆ ಶತಮಾನಗಳ ಕಾಲ ಹಾಡಿದವರಲ್ಲಿ ಒಬ್ಬಳ ಅಂಕಿತವೂ ಉಳಿದಿಲ್ಲ.

ಅನಂತರದ ಶತಮಾನಗಳಲ್ಲಿ ತ್ರಿಪದಿ ಎರಡು ದಾರಿಗಳಲ್ಲಿ ನಡೆಯಿತು. ಒಂದು ದಾರಿ ಸರ್ವಜ್ಞನದು. ಅಲ್ಲಿ ಅದು ಬಿಚ್ಚುಮಾತಿನ, ಲೋಕನೀತಿಯ, ತಿರುಗಾಡುವವನ ಛಂದಸ್ಸು. ಉತ್ತಂಗಿ ಚನ್ನಪ್ಪನವರು ಹಳ್ಳಿಹಳ್ಳಿ ತಿರುಗಿ, ಓಲೆಗಳನ್ನೂ ಜನರ ಬಾಯನ್ನೂ ಆಧರಿಸಿ ಸಂಗ್ರಹಿಸಿದ ಸರ್ವಜ್ಞನ ವಚನಗಳು 1924ರಲ್ಲಿ ಪ್ರಕಟವಾದಾಗ ಬಾಯಲ್ಲಿದ್ದ ತ್ರಿಪದಿಗೆ ಗ್ರಂಥದ ಮರ್ಯಾದೆ ದೊರೆಯಿತು. ಮತ್ತೊಂದು ದಾರಿ ಒಳಮನೆಯದು. ಅದು ಕೂತಲ್ಲೇ ತಿರುಗುವವಳ ಛಂದಸ್ಸು. ಅಲ್ಲಿ ನೀತಿಗಿಂತ ನಂಟು ಮುಖ್ಯ: ತಾಯಿ, ತವರು, ಅಣ್ಣತಮ್ಮಂದಿರು, ಮಗು, ಊರ ದೇವರು. ಒಂದೇ ಮಟ್ಟು ಇಷ್ಟು ಬೇರೆಯಾದ ಎರಡು ದನಿಗಳಿಗೆ ಒಗ್ಗಿದ ಬಗೆ ಇನ್ನೂ ವಿವರವಾದ ಹೋಲಿಕೆಗೆ ಕಾದಿದೆ.

ಹತ್ತೊಂಬತ್ತನೆಯ ಶತಮಾನದ ಸಂಗ್ರಾಹಕರಿಗೆ ಈ ಎರಡನೆಯ ದಾರಿ ಕಾಣಲಿಲ್ಲ. ಚಾರ್ಲ್ಸ್ ಗೋವರ್ 1871ರಲ್ಲಿ ದಕ್ಷಿಣ ಭಾರತದ ಜನಪದ ಗೀತೆಗಳನ್ನು ಕುರಿತ ಪುಸ್ತಕ ಪ್ರಕಟಿಸಿದಾಗ ಕನ್ನಡದ ಭಾಗಕ್ಕೆ ಹೆಚ್ಚಾಗಿ ಆಯ್ದುಕೊಂಡದ್ದು ದಾಸರ ಪದಗಳನ್ನು. ಬಾದಾಮಿಯ ಶಾಸನವನ್ನು ಲೋಕಕ್ಕೆ ತೋರಿಸಿದ ಫ್ಲೀಟ್ 1885ರಿಂದ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಕನ್ನಡ ಲಾವಣಿಗಳನ್ನು ಅಚ್ಚು ಹಾಕಿಸಿದನು. ಸಂಗೊಳ್ಳಿ ರಾಯಣ್ಣ, ಹಲಗಲಿಯ ಬೇಡರು ಅಲ್ಲಿ ಬರುತ್ತಾರೆ. ಸರ್ಕಾರದ ಅಧಿಕಾರಿಯೊಬ್ಬನಿಗೆ ದಂಗೆಯ ಹಾಡು ಕುತೂಹಲದ ವಸ್ತುವಾದದ್ದು ಸಹಜ. ಅದು ಬಯಲಿನಲ್ಲಿ ಗಂಡಸರು ಹಾಡುವುದರಿಂದ ಕಿವಿಗೆ ಬೀಳುವುದೂ ಸುಲಭ. ಬೆಳಗಿನ ಜಾವ ಒಳಮನೆಯಲ್ಲಿ ನಡೆಯುವ ಹಾಡು ಹೊರಗಿನವನಿಗೆ ಕೇಳಿಸುವಂತಿರಲಿಲ್ಲ. ಈ ಮಿತಿಯನ್ನು ದಾಟಲು ಆ ಮನೆಗಳಲ್ಲೇ ಹುಟ್ಟಿದವರು ಸಂಗ್ರಾಹಕರಾಗಬೇಕಾಯಿತು.

ಅಂದಿನ ವಿಜಾಪುರ ಜಿಲ್ಲೆ ಇಂಡಿ ತಾಲ್ಲೂಕಿನ ಹಲಸಂಗಿಯಲ್ಲಿ ಆದದ್ದು ಅದೇ. ಮಧುರಚೆನ್ನರೆಂದು ಹೆಸರಾದ ಹಲಸಂಗಿ ಚೆನ್ನಮಲ್ಲಪ್ಪ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಪಿ. ಧೂಲಾಸಾಹೇಬ ಇವರು ಗೆಳೆಯರು. ದೊಡ್ಡ ಪದವಿಗಳಿಲ್ಲದ, ಆದರೆ ಓದಿನ ಹಸಿವಿದ್ದ ಈ ತರುಣರು ಪೇಟೆಯ ಸಾಹಿತ್ಯದಲ್ಲಿ ಹುಡುಕುತ್ತಿದ್ದುದು ತಮ್ಮ ಮನೆಯ ಹಿಂಬದಿಯಲ್ಲೇ ಇದೆಯೆಂದು ಕಂಡುಕೊಂಡರು. 1931ರಲ್ಲಿ ‘ಗರತಿಯ ಹಾಡು’, 1933ರಲ್ಲಿ ‘ಜೀವನ ಸಂಗೀತ’, 1935ರಲ್ಲಿ ‘ಮಲ್ಲಿಗೆ ದಂಡೆ’ ಹೊರಬಂದವು. ಧಾರವಾಡದ ಗೆಳೆಯರ ಗುಂಪಿನೊಂದಿಗೆ, ವಿಶೇಷವಾಗಿ ಬೇಂದ್ರೆಯವರೊಂದಿಗೆ, ಹಲಸಂಗಿಯವರಿಗಿದ್ದ ನಂಟು ಹೊಸಗನ್ನಡ ಕವಿತೆಯ ಲಯವನ್ನೇ ಬದಲಿಸುವಷ್ಟು ಫಲ ನೀಡಿತೆಂಬುದನ್ನು ಇಲ್ಲಿ ವಿಸ್ತರಿಸಬೇಕಾಗಿಲ್ಲ. ಇದೇ ಹೊತ್ತಿಗೆ ಹಳೆಯ ಮೈಸೂರಿನಲ್ಲೂ ಕೆಲಸ ನಡೆದಿತ್ತು. ಇಂದಿನ ಮಂಡ್ಯ ಜಿಲ್ಲೆಯ ಬಂಡಿಹೊಳೆಯ ಅರ್ಚಕ ಬಿ. ರಂಗಸ್ವಾಮಿ ಅವರ ‘ಹುಟ್ಟಿದ ಹಳ್ಳಿ ಹಳ್ಳಿಯ ಹಾಡು’ 1933ರಲ್ಲಿ ಪ್ರಕಟವಾಯಿತು. ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರ ‘ಹಳ್ಳಿಯ ಹಾಡುಗಳು’ ಅದೇ ದಶಕದ್ದು. ಅರ್ಚಕ ರಂಗಸ್ವಾಮಿಯವರ ಪುಸ್ತಕಕ್ಕೆ ಸಿಗಬೇಕಾದಷ್ಟು ಮನ್ನಣೆ ಸಿಕ್ಕಿಲ್ಲವೆಂದೇ ಹೇಳಬೇಕು. ಹಾಡನ್ನು ಕೊಡುವ ಮೊದಲು ಅವರು ಊರನ್ನು ಕೊಟ್ಟರು: ಜನ, ಕೆಲಸ, ಬೆಳೆ, ನಡೆನುಡಿ. ಹಾಡು ಎಲ್ಲಿ ಕೂತಿತ್ತೋ ಅಲ್ಲಿಯೇ ಅದನ್ನು ತೋರಿಸುವ ಈ ಕ್ರಮವನ್ನು ನಂತರದ ಬಹುಪಾಲು ಸಂಕಲನಕಾರರು ಮುಂದುವರಿಸಲಿಲ್ಲ.

ಹಲಸಂಗಿಯ ಸಂಗ್ರಹದ ಮಹತ್ವವನ್ನು ಎಷ್ಟು ಹೇಳಿದರೂ ಕಡಿಮೆಯೇ. ಆದರೂ ಅದರ ಶೀರ್ಷಿಕೆಯ ಮೇಲೆ ಒಂದು ಕ್ಷಣ ನಿಲ್ಲುವುದು ಅಗತ್ಯ. ‘ಗರತಿ’ ಎಂಬ ಪದ ಹಾಡಿದವಳ ನಡತೆಗೆ ಕೊಟ್ಟ ಪ್ರಶಸ್ತಿ. ಅವಳ ಕೆಲಸದ ಹೆಸರಲ್ಲ. ಕೊಟ್ಟಣದ ಸೋಮವ್ವ ಎಂಬ ಹೆಸರಿನಲ್ಲಿ ದುಡಿಮೆ ಮುಂದೆ ಬರುತ್ತದೆ. ಗರತಿ ಎಂಬ ಹೆಸರಿನಲ್ಲಿ ಮನೆತನ ಮುಂದೆ ಬರುತ್ತದೆ. ರಾಷ್ಟ್ರೀಯ ಆಂದೋಲನದ ಆ ದಿನಗಳಲ್ಲಿ ಹಳ್ಳಿಯ ಹೆಣ್ಣನ್ನು ನಾಡಿನ ಶೀಲದ ಪ್ರತೀಕವಾಗಿ ಕಾಣುವ ದೃಷ್ಟಿ ವ್ಯಾಪಕವಾಗಿತ್ತು. ಸಂಗ್ರಾಹಕರು ಅದಕ್ಕೆ ಹೊರತಾಗಿರಲಿಲ್ಲ. ಹಾಡುಗಳನ್ನು ತವರುಮನೆ, ಮಕ್ಕಳು, ದೇವರು ಎಂದು ವಿಷಯಾನುಸಾರ ಜೋಡಿಸುವ ಪದ್ಧತಿಯೂ ಅಂದಿನಿಂದ ಬೇರೂರಿತು. ಓದುಗನಿಗೆ ಇದು ಅನುಕೂಲ. ಆದರೆ ಕಲ್ಲಿನ ಮುಂದೆ ಹಾಡು ಹಾಗೆ ಬರುವುದಿಲ್ಲ. ಮೊದಲು ಕಲ್ಲಿಗೆ, ಭೂಮಿಗೆ, ದೇವರಿಗೆ ನಮನ. ಆಮೇಲೆ ಒಂದು ನೆನಪು ಮತ್ತೊಂದನ್ನು ಎಳೆದಂತೆ ಅಣ್ಣನಿಂದ ಅತ್ತಿಗೆಗೆ, ಅತ್ತಿಗೆಯಿಂದ ಅತ್ತೆಗೆ, ಅತ್ತೆಯಿಂದ ತೊಟ್ಟಿಲಿಗೆ. ಕಾಳು ಮುಗಿಯುವ ಹೊತ್ತಿಗೆ ಕಲ್ಲನ್ನು ಸರಸ್ವತಿಯೆಂದು ಕರೆದು, ಬಿಟ್ಟು ಏಳುವುದಕ್ಕೆ ಅಪ್ಪಣೆ ಬೇಡುವ ಪದ. ಒಂದು ಬೆಳಗಿನ ಬೀಸುವಿಕೆಗೆ ಆದಿ, ಮಧ್ಯ, ಅಂತ್ಯಗಳುಳ್ಳ ಒಂದು ಕಟ್ಟಡವಿತ್ತು; ಹಿಟ್ಟಿನ ಅಳತೆಯೇ ಅದರ ಅಳತೆ. ಬಿಡಿ ತ್ರಿಪದಿಗಳನ್ನು ಮುತ್ತಿನಂತೆ ಆರಿಸಿ ಬೇರೆ ದಾರದಲ್ಲಿ ಪೋಣಿಸಿದಾಗ ಆ ಕಟ್ಟಡ ಮರೆಯಾಯಿತು. ಒಂದೊಂದು ಪದವೂ ಕಲೆಯೆಂದು ಮಾನ್ಯವಾಯಿತು. ಇಡೀ ಬೆಳಗೇ ಒಂದು ಕೃತಿಯಾಗಿದ್ದಿತೆಂಬುದು ಗಮನಕ್ಕೆ ಬರಲಿಲ್ಲ.

ಕುಟ್ಟುವ ಹಾಡಿನ ಜಾಡು ಸ್ವಲ್ಪ ಬೇರೆ. ಒರಳಿಗೆ ಇಬ್ಬರೋ ಮೂವರೋ ಸರದಿಯಂತೆ ಒನಕೆ ಹಾಕುವಾಗ ಲಯ ಸುತ್ತುವುದಿಲ್ಲ, ಬೀಳುತ್ತದೆ. ‘ಸುವ್ವಿ’ ಎಂಬ ಪಲ್ಲವಿ ಆ ಬೀಳುವಿಕೆಯನ್ನು ಹಿಡಿದ ಪದ. ಒನಕೆ ಎತ್ತುವಾಗಿನ ಉಸಿರೇ ಅಲ್ಲಿ ಅಕ್ಷರವಾದಂತಿದೆ. ಭತ್ತದ ಸೀಮೆಯಲ್ಲಿ ಇದು ಹೆಚ್ಚು, ಜೋಳ ರಾಗಿಗಳ ಸೀಮೆಯಲ್ಲಿ ಬೀಸುವ ಪದ ಹೆಚ್ಚು. ತುಳುನಾಡಿನಲ್ಲಿ ನೇಜಿ ನೆಡುವ ಹೆಂಗಸರ ಕಬಿತಗಳು ಇದೇ ಕುಲಕ್ಕೆ ಸೇರಿದವು. ಯಾವ ಕೆಲಸದ ಹಾಡು ಯಾವ ಬೆಳೆಯ ಮೇಲೆ ನಿಂತಿದೆಯೆಂದು ನಕ್ಷೆ ಬರೆದರೆ ಅದು ಮಳೆಯ ನಕ್ಷೆಗೆ ಬಹುಮಟ್ಟಿಗೆ ಹೊಂದಬಹುದು.

ಹಾಡಿನ ಸೊಗಸನ್ನು ಹೇಳುವಾಗ ಶ್ರಮದ ಕಠಿಣತೆಯನ್ನು ಮರೆಸುವ ಅಪಾಯವಿದೆ. ದುಡಿಮೆಯಲ್ಲಿ ಕಲೆ ಕಾಣುವುದು ನೋಡುವವನಿಗೆ ಸುಲಭ. ತೋಳಿನ ನೋವು ಅವನದಲ್ಲ. ಗ್ರೀಕರಲ್ಲಿಯೂ ಬೀಸುವ ಹಾಡಿತ್ತು. ಅಂಥದೊಂದರ ತುಣುಕನ್ನು ಪ್ಲೂಟಾರ್ಕ್ ಉಳಿಸಿಕೊಟ್ಟಿದ್ದಾನೆ. ಅದೇ ಭಾಷೆಯ ಕವಿ ಥೆಸಲೊನಿಕದ ಆಂಟಿಪೇಟರ್ ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ನೀರಿನ ಗಿರಣಿ ಬಂದಾಗ, ಇನ್ನು ಕೋಳಿ ಕೂಗಿದರೂ ಮಲಗಿರಿ ಎಂಬರ್ಥದ ಪದ್ಯವನ್ನು ಬೀಸುವ ಹೆಂಗಸರಿಗಾಗಿ ಬರೆದನು. ಬೀಸುವ ಹಾಡು ನಿಂತುಹೋಗುವುದೆಂಬ ವ್ಯಥೆ ಅವನಲ್ಲಿ ಇಲ್ಲ. ಕನ್ನಡದ ಬೀಸುವ ಪದಗಳ ಒಳಗೇ ದಣಿವಿನ ಮಾತು ಸಾಕಷ್ಟಿದೆ: ಮುಗಿಯದ ಕಾಳು, ನಿದ್ದೆಗೆಟ್ಟ ಕಣ್ಣು, ಬೊಬ್ಬೆಯೆದ್ದ ಅಂಗೈ. ಹಾಡು ಆ ದಣಿವನ್ನು ಅಳಿಸುತ್ತಿರಲಿಲ್ಲ. ಅದನ್ನು ಹೊರುವಷ್ಟು ಭಾಗಗಳಾಗಿ ಒಡೆದು ಕೊಡುತ್ತಿತ್ತು. ಎಣ್ಣೆಯ ಎಂಜಿನ್ನಿನಿಂದ, ಮುಂದೆ ವಿದ್ಯುತ್ತಿನಿಂದ ನಡೆಯುವ ಹಿಟ್ಟಿನ ಗಿರಣಿ ಊರಿಗೆ ಬಂದಾಗ ಹೆಂಗಸರು ತಲೆಯ ಮೇಲೆ ಜೋಳದ ಬುಟ್ಟಿ ಹೊತ್ತು ಅಲ್ಲಿಗೆ ನಡೆದದ್ದರಲ್ಲಿ ಅಚ್ಚರಿಯೇನೂ ಇಲ್ಲ. ಗಿರಣಿಯಿಂದ ಜನಪದ ಸಂಸ್ಕೃತಿ ಹಾಳಾಯಿತೆಂದು ವಿಷಾದಿಸುವ ಬರಹಗಳಲ್ಲಿ ಬೀಸಿದವರ ಅಭಿಪ್ರಾಯವನ್ನು ಕೇಳಿದ ಗುರುತು ಅಪರೂಪ.

ಆದರೆ ಗಿರಣಿಯ ಮುಂದಿನ ಸಾಲಿನಲ್ಲಿ ಹಾಡು ಹುಟ್ಟಲಿಲ್ಲ ಎಂಬುದೂ ಅಷ್ಟೇ ನಿಜ. ಅಲ್ಲಿ ಕಾಯುವ ಹೊತ್ತು ಇತ್ತು, ಜೊತೆಗಾತಿಯರಿದ್ದರು. ಕೈಗೆ ಲಯವಿರಲಿಲ್ಲ, ಯಂತ್ರದ ಸದ್ದಿನಲ್ಲಿ ದನಿ ಕೇಳುವಂತಿರಲಿಲ್ಲ. ಹೀಗಾಗಿ ಸ್ವಾತಂತ್ರ್ಯಾನಂತರದ ಸಂಗ್ರಹಕಾರ್ಯ ಹೆಚ್ಚಾಗಿ ನೆನಪಿನ ಸಂಗ್ರಹವಾಯಿತು. ಮತಿಘಟ್ಟ ಕೃಷ್ಣಮೂರ್ತಿ, ಬಿ. ಎಸ್. ಗದ್ದಗಿಮಠ, ಎಲ್. ಆರ್. ಹೆಗಡೆ, ಜೀ. ಶಂ. ಪರಮಶಿವಯ್ಯ, ಎಚ್. ಎಲ್. ನಾಗೇಗೌಡ ಮೊದಲಾದವರ ದುಡಿಮೆಯಿಂದ ಸಾವಿರಾರು ಪದಗಳು ಉಳಿದವು. ನಾಗೇಗೌಡರು 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನೂ 1994ರಲ್ಲಿ ರಾಮನಗರದ ಬಳಿ ಜಾನಪದ ಲೋಕವನ್ನೂ ಕಟ್ಟಿದರು. ಹಾಡಿನೊಂದಿಗೆ ಉಪಕರಣವನ್ನೂ ಕಾಪಾಡಬೇಕೆಂಬ ತಿಳಿವಳಿಕೆ ಅಲ್ಲಿದೆ. ಬೀಸುವ ಕಲ್ಲು, ಒರಳು, ಒನಕೆಗಳು ಅಲ್ಲಿ ನೋಡಸಿಗುತ್ತವೆ. ಆದರೆ ಹಾಡುಗಾರ್ತಿಯನ್ನು ಕೂರಿಸಿ ಧ್ವನಿಮುದ್ರಿಸಿಕೊಂಡಾಗ ಅವಳ ಕೈ ಸುಮ್ಮನಿರುತ್ತದೆ; ಅನೇಕರಿಗೆ ಕೈ ಆಡದೆ ಪದ ನೆನಪಾಗುವುದಿಲ್ಲವೆಂಬುದು ಕ್ಷೇತ್ರಕಾರ್ಯ ಮಾಡಿದವರಿಗೆಲ್ಲ ಗೊತ್ತಿರುವ ಸಂಗತಿ. ಕಾಳಿಲ್ಲದ ಕಲ್ಲನ್ನಾದರೂ ತಿರುಗಿಸಲು ಬಿಟ್ಟಾಗ ಮರೆತ ಪದ ಹಿಂದಿರುಗುತ್ತದೆ. ನೆನಪು ಇಲ್ಲಿ ತಲೆಯಲ್ಲಿರುವಷ್ಟೇ ಮೊಣಕೈಯಲ್ಲೂ ಇದೆ.

ಕರ್ತೃತ್ವದ ಪ್ರಶ್ನೆ ಇದಕ್ಕೆ ಹೊಂದಿಕೊಂಡಿದೆ. ಜನಪದ ಗೀತೆಗೆ ಕರ್ತೃವಿಲ್ಲ, ಅದು ಸಮೂಹದ ಸೃಷ್ಟಿ ಎಂಬುದು ದೀರ್ಘಕಾಲ ಸೂತ್ರದಂತೆ ಉಚ್ಚರಿಸಿದ ಮಾತು. ಪದದ ಮೊದಲ ಪಾದಗಳು ಬಹಳ ಸಲ ಎಲ್ಲರಿಗೂ ಸೇರಿದ ಪಡಿಯಚ್ಚು; ಅದನ್ನು ಯಾರೂ ಒಪ್ಪದಿರಲಾರರು. ಆದರೆ ಕೊನೆಯ ಗಿಡ್ಡ ಪಾದದಲ್ಲಿ ಹಾಡುಗಾರ್ತಿ ತನ್ನ ತವರೂರಿನ ಹೆಸರನ್ನೋ ತಮ್ಮನ ಹೆಸರನ್ನೋ ತನ್ನದೇ ಒಂದು ಹೋಲಿಕೆಯನ್ನೋ ಇಡುತ್ತಾಳೆ. ಅಲ್ಲಿ ಆಯ್ಕೆಯಿದೆ, ಜಾಣತನವಿದೆ, ಕೇಳುವ ಜೊತೆಗಾತಿಯ ಮೆಚ್ಚುಗೆಯಿದೆ. ಒಳ್ಳೆಯ ಪದಗಾತಿ ಯಾರೆಂದು ಓಣಿಗೆಲ್ಲ ಗೊತ್ತಿರುತ್ತಿತ್ತು. ಗೊತ್ತಿರದೆ ಹೋದದ್ದು ಪುಸ್ತಕಕ್ಕೆ. ಸಮೂಹದ ಸೃಷ್ಟಿಯೆಂಬ ಗೌರವದ ಹೊದಿಕೆಯಡಿ ಒಬ್ಬೊಬ್ಬಳ ಹೆಸರು ಬಿಟ್ಟುಹೋಯಿತು. ಈ ವಿಷಯದಲ್ಲಿ ನೆರೆಯ ಮರಾಠಿಯ ಅನುಭವ ಕಣ್ಣು ತೆರೆಸುವಂಥದು. ಪುಣೆಯ ಹೇಮಾ ರಾಯಿರ್ಕರ್ ಮತ್ತು ಗಿ ಪ್ವಾಟ್ವಾ ಅವರು ಹಳ್ಳಿಗಳ ಹೆಂಗಸರಿಂದ ಒಂದು ಲಕ್ಷಕ್ಕೂ ಮಿಕ್ಕಿದ ಬೀಸುವ ಕಲ್ಲಿನ ಓವಿಗಳನ್ನು ಸಂಗ್ರಹಿಸಿದರು. ಹಾಡಿದವಳ ಹೆಸರು ಮತ್ತು ಊರಿನೊಂದಿಗೆ ಅವು 2017ರಿಂದ ಅಂತರಜಾಲದಲ್ಲಿ ಪ್ರಕಟವಾಗತೊಡಗಿದವು. ಸೋಮೇಶ್ವರನು ಹೆಸರಿಲ್ಲದೆ ದಾಖಲಿಸಿದ ಹೆಂಗಸರ ಪರಂಪರೆಗೆ ಸುಮಾರು ಒಂಬತ್ತು ಶತಮಾನಗಳ ನಂತರ ಹೆಸರುಗಳು ಬಂದವು. ಕನ್ನಡದಲ್ಲಿ ಆ ಪ್ರಮಾಣದ, ಆ ಕ್ರಮದ ಕೆಲಸ ತ್ರಿಪದಿಗೆ ಸಲ್ಲಬೇಕಾದ ಬಾಕಿ.

ಹೆಸರು ಬಂದ ನಿದರ್ಶನಗಳು ಕನ್ನಡದಲ್ಲಿ ಇಲ್ಲವೆಂದಲ್ಲ. ಉತ್ತರ ಕನ್ನಡದ ಅಂಕೋಲಾ ಸೀಮೆಯ ಹಾಲಕ್ಕಿ ಸಮುದಾಯದ ಸುಕ್ರಿ ಬೊಮ್ಮಗೌಡ ಅವರಿಗೆ 2017ರಲ್ಲಿ ಪದ್ಮಶ್ರೀ ಸಂದಿತು. ಓದುಬರಹ ಬಾರದ ಆಕೆಯ ನೆನಪಿನಲ್ಲಿ ಮದುವೆಯ, ಹಬ್ಬದ, ಗದ್ದೆಯ ಕೆಲಸದ ಹಾಡುಗಳ ದೊಡ್ಡ ರಾಶಿಯೇ ಇದ್ದಿತು. 2025ರ ಫೆಬ್ರವರಿಯಲ್ಲಿ ಆಕೆ ತೀರಿಕೊಂಡರು. ಆಕೆಯ ಹಾಡು ‘ಹಾಲಕ್ಕಿ ಹಾಡು’ ಮಾತ್ರವಾಗಿರದೆ ಸುಕ್ರಜ್ಜಿಯ ಹಾಡೂ ಆಗಿ ನಾಡಿಗೆ ಪರಿಚಿತವಾದದ್ದು ಜಾನಪದ ಅಧ್ಯಯನದ ಕ್ರಮದಲ್ಲಿ ಆದ ಬದಲಾವಣೆಯ ಗುರುತು.

ಈಗ ಕಲ್ಲಿನ ಗತಿ. ಬಹಳ ಮನೆಗಳಲ್ಲಿ ಅದು ಹಿತ್ತಿಲ ಗೋಡೆಗೆ ಒರಗಿದೆ. ಕೆಲವೆಡೆ ಬಚ್ಚಲಿನ ಮೆಟ್ಟಿಲಾಗಿದೆ, ತುಳಸಿಯ ಗಿಡಕ್ಕೆ ಕಟ್ಟೆಯಾಗಿದೆ. ಆದರೆ ಮದುವೆಯ ಮನೆಯಲ್ಲಿ ಅದನ್ನು ತೊಳೆದು ಒಳಗೆ ತರುವ ಪದ್ಧತಿ ಅನೇಕ ಸಮುದಾಯಗಳಲ್ಲಿ ಉಳಿದಿದೆ. ಒನಕೆಗೂ ಬೀಸುವ ಕಲ್ಲಿಗೂ ಸುಣ್ಣ ಕೆಮ್ಮಣ್ಣು ಬಳಿದು, ಅರಿಶಿನದ ಕೊಂಬು ಕಟ್ಟಿ, ಮುತ್ತೈದೆಯರು ಸುತ್ತ ಕೂತು ಹಿಡಿ ಕಾಳು ಹಾಕಿ ನಾಲ್ಕು ಸುತ್ತು ತಿರುಗಿಸುತ್ತಾರೆ. ಹಿರಿಯಳೊಬ್ಬಳು ಪದ ಎತ್ತುತ್ತಾಳೆ. ನಾಲ್ಕು ಸುತ್ತಿಗೆ ಒಂದು ತ್ರಿಪದಿ ಮುಗಿಯುವುದಿಲ್ಲ. ಅವಳು ಪದ ಮುಗಿಯುವವರೆಗೂ ಕಲ್ಲು ಬಿಡುವುದಿಲ್ಲ.